ತೆನೆ ಬಿಚ್ಚುವ ಹೊತ್ತು

ಮುಂಬೈಯ ವಿಲೆ ಪಾರ್ಲೆಯ ನೆತ್ತಿಯ ಮೇಲೆ ಇನ್ನೊಂದು ವಿಮಾನ ಇಳಿಯುತ್ತಿದೆ. ಕಿಟಕಿಯ ಗಾಜು ನಡುಗುತ್ತದೆ, ಮೇಜಿನ ಮೇಲಿನ ಎರಡು ಫ್ಲಾಸ್ಕುಗಳೂ. ನಿಮ್ಮ ಕೈ ತಾನಾಗಿ ಚಾಚಿ ಸ್ಟ್ಯಾಂಡನ್ನು ಹಿಡಿಯುತ್ತದೆ. ಅಕ್ಟೋಬರಿನ ಸೆಖೆಗೆ ಅಂಗಿ ಬೆನ್ನಿಗೆ ಅಂಟಿದೆ. ಫ್ಯಾನ್ ಹಾಕುವಂತಿಲ್ಲ, ಉರಿ ಅಲುಗಿದರೆ ಕುದಿತ ಕೆಡುತ್ತದೆ.

ಫ್ಲಾಸ್ಕುಗಳಲ್ಲಿ ಇರುವುದು ರೋಶಾ ಹುಲ್ಲಿನ ತೆನೆ. ಜತ್ತದ ಒಂದು ಹೊಲದಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೂಟೆ ಅದು. ಎಡಗಡೆಯವು ಇನ್ನೂ ಬಿಚ್ಚದ ಹಸಿರು ತೆನೆ. ಬಲಗಡೆಯವು ಹೂ ಅರಳಿ ವಾರ ಕಳೆದು ಕೆಂಪಿಗೆ ತಿರುಗಿದವು. ಬೆಳಿಗ್ಗೆ ಬಿಡಿಸುವಾಗ ಎಲೆಯ ಅಂಚು ಹೆಬ್ಬೆರಳನ್ನು ಸೀಳಿದೆ. ಆ ಗಾಯದಲ್ಲೂ ಘಮ.

ಫೋನು ಮತ್ತೆ ಬಡಿದುಕೊಳ್ಳುತ್ತದೆ. ಹೊಲದ ರೈತರು. "ಮಾಡ ಹಾಕೇತ್ರಿ ಸರ. ಕೊಯ್ಯೂದೋ, ತಡಿಯೂದೋ?"

"ಸಂಜಿಗೆ ಹೇಳ್ತೀನಿ" ಅನ್ನುತ್ತೀರಿ. ಸಂಜೆಯೊಳಗೆ ಗೊತ್ತಾಗಬೇಕು. ಜತ್ತದಲ್ಲಿ ಹಿಂಗಾರು ಮಳೆ ಕಾಯುವುದಿಲ್ಲ.

ಈ ಹುಲ್ಲಿನ ಎಣ್ಣೆ ಹೆಚ್ಚಾಗಿ ಇರುವುದು ತೆನೆಯಲ್ಲಿ, ಆಮೇಲೆ ಎಲೆಯಲ್ಲಿ. ಕಾಂಡದಲ್ಲಿ ಹೆಸರಿಗಷ್ಟೆ. ಎಳೆಯ ತೆನೆಯಲ್ಲಿ ಜೆರಾನಿಲ್ ಅಸಿಟೇಟ್ ತುಂಬಿರುತ್ತದೆ. ಹೂ ಅರಳಿ ಬಲಿಯುತ್ತ ಹೋದಂತೆ ಗಿಡವೇ ಅದನ್ನು ಒಡೆದು ಜೆರಾನಿಯಾಲ್ ಮಾಡಿಕೊಳ್ಳುತ್ತದೆ. ಕೊಳ್ಳುವವರು ದುಡ್ಡು ಕೊಡುವುದು ಜೆರಾನಿಯಾಲಿಗೆ. ಇನ್ನೂ ಕಾದು ಕಾಳು ಗಟ್ಟಿಯಾಗಲು ಬಿಟ್ಟರೆ ಎಣ್ಣೆಯೇ ಇಳಿದುಹೋಗುತ್ತದೆ. ನಡುವೆ ಸಿಗುವುದು ಕೆಲವೇ ದಿನ.

ಮೊದಲ ಹನಿ ಬೀಳುತ್ತದೆ. ಎಣ್ಣೆ ಇಳಿಸುವ ಕ್ಲೆವೆಂಜರ್ ಸಾಧನದ ಸಪೂರ ಗಾಜಿನ ಕೊಳವೆಯಲ್ಲಿ ನೀರು ಕೆಳಗೆ, ಎಣ್ಣೆ ಮೇಲೆ. ಕೂದಲೆಳೆಯಷ್ಟು ತೆಳುವಾದ ಹಳದಿ ಪಟ್ಟಿ. ಬಾಗಿ ನೋಡುತ್ತೀರಿ. ಅಷ್ಟರಲ್ಲಿ ಕಂಡೆನ್ಸರಿನ ರಬ್ಬರ್ ನಳಿಗೆ ಸೊರಗುತ್ತದೆ. ನಲ್ಲಿಯಲ್ಲಿ ನೀರಿನ ಒತ್ತಡ ಬಿದ್ದಿದೆ! ಗಾಜು ಬಿಸಿಯಾಗುತ್ತಿದೆ. ಆವಿ ಮೇಲಕ್ಕೇರುತ್ತಿದೆ. ಕೋಣೆಯ ತುಂಬ ಗುಲಾಬಿಯ ವಾಸನೆ, ಅಂದರೆ ಎಣ್ಣೆ ನಿಮ್ಮ ಕಣ್ಣೆದುರೇ ಹೋಗುತ್ತಿದೆ. ಉರಿ ಆರಿಸಿ. ಒದ್ದೆ ಬಟ್ಟೆ ಸುತ್ತಿ. ಕಾಯಿರಿ. ನಳಿಗೆ ಒಮ್ಮೆ ಕೆಮ್ಮಿ ಮತ್ತೆ ತುಂಬಿಕೊಳ್ಳುತ್ತದೆ.

ಈ ಊರಿಗೆ ವಾಸನೆ ಹೊಸದಲ್ಲ. 2016ರಲ್ಲಿ ಬಿಸ್ಕತ್ತು ಕಾರ್ಖಾನೆ ಮುಚ್ಚುವತನಕ ಸ್ಟೇಷನ್ನಿನಲ್ಲಿ ಇಳಿದವರಿಗೆ ಬೇಯುವ ಬಿಸ್ಕತ್ತಿನ ಘಮವೇ ಪಾರ್ಲೆಯ ಗುರುತು. ರೋಶಾ ಎಣ್ಣೆಗೂ ಮುಂಬೈಗೂ ನಂಟು ಅದಕ್ಕಿಂತ ಹಳೆಯದು. ಖಾನ್‌ದೇಶದ ಹಳ್ಳದ ದಂಡೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಭಟ್ಟಿ ಹೂಡಿ ಇಳಿಸಿದ ಎಣ್ಣೆ ಇಲ್ಲಿಂದ ಹಡಗೇರಿ ಕಾನ್‌ಸ್ಟಾಂಟಿನೋಪಲ್ ಸೇರುತ್ತಿತ್ತು. ಅಲ್ಲಿ ಗುಲಾಬಿ ಅತ್ತರಿಗೆ ಬೆರೆಯುತ್ತಿತ್ತು, ಟರ್ಕಿ ಜೆರೇನಿಯಂ ಎಣ್ಣೆ ಎಂಬ ಹೆಸರೂ ಪಡೆಯಿತು. 1871ರಲ್ಲಿ ಯಾಕೋಬ್‌ಸೆನ್ ಎಂಬ ರಸಾಯನಜ್ಞ ಜೆರಾನಿಯಾಲನ್ನು ಮೊದಲು ಬೇರ್ಪಡಿಸಿದ್ದು ಈ ಎಣ್ಣೆಯಿಂದಲೇ.

ಮಧ್ಯಾಹ್ನ ಇಳಿದಿದೆ. ಕಾಗದದ ಪಟ್ಟಿ ಅದ್ದಿ ಮೂಸುತ್ತೀರಿ. ಎಡಗಡೆಯದು ಹಣ್ಣಿನ ಸಿಹಿ, ತುಸು ತೀಕ್ಷ್ಣ. ಬಲಗಡೆಯದು ಗುಲಾಬಿ. ಮೂಗು ಹೇಳಿದ್ದನ್ನು ನಂಬಿ ಒಬ್ಬರ ವರ್ಷದ ಬೆಳೆ ಕೊಯ್ಯಿಸಲಾದೀತೇ? ಅದಕ್ಕೇ 2 ಗ್ರಾಂ ಎಣ್ಣೆಗೆ ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಷಾರ 25 ಮಿ.ಲೀ. ಹಾಕಿ ಒಂದು ತಾಸು ಕುದಿಸಿದ್ದೀರಿ. ಅಸಿಟೇಟ್ ಇದ್ದಷ್ಟೂ ಕ್ಷಾರವನ್ನು ತಿಂದಿರುತ್ತದೆ. ಉಳಿದದ್ದನ್ನು ಈಗ ಆಮ್ಲದಿಂದ ಅಳೆಯಬೇಕು. ಫಿನಾಲ್ಫ್ತಲೀನ್ ಎರಡು ಹನಿ ಬಿದ್ದೊಡನೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮ್ಲಕ್ಕೆ ಆ ಬಣ್ಣ ಬೇಗ ಮಾಯವಾದರೆ ತೆನೆ ಎಳೆಯದು.

ಎಡಗಡೆಯದು 15 ಮಿ.ಲೀ.ಗೇ ಬಿಳಿಚಿಕೊಂಡಿತು.

ಬಲಗಡೆಯದು. ಬ್ಯೂರೆಟ್ಟಿನ ತಿರುಪಿನ ಮೇಲೆ ಬೆರಳು ಬೆವರುತ್ತಿದೆ. 15, ಬಣ್ಣ ಗಟ್ಟಿ. 18, ಇನ್ನೂ ಇದೆ. 20. ಒಂದು ಹನಿ. ಅಲ್ಲಾಡಿಸಿ. ಇನ್ನೊಂದು ಹನಿ. ಅಂಚಿನಲ್ಲಿ ಮಂಕಾಯಿತೇ? ಇಲ್ಲ, ಇದೆ. 21 ದಾಟಿತು. ಉಸಿರು ಬಿಗಿಹಿಡಿದಿದ್ದೀರಿ. 22ಕ್ಕೆ ಒಮ್ಮೆಲೇ ತಿಳಿನೀರು.

ತೆನೆ ಹದಕ್ಕೆ ಬಂದಿದೆ.

ನೀವೇ ಫೋನು ಮಾಡುತ್ತೀರಿ. "ಕೆಂಪಾದದ್ದು ಹೊಲದಾಗ ಎಷ್ಟದ?"

"ಮ್ಯಾಲಿನ ಪಟ್ಟಿ ಪೂರಾ. ತಗ್ಗಿನದು ಇನ್ನೂ ಬಿಚ್ಚಿಲ್ರಿ."

ಎದೆ ಬಡಿದುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಭಟ್ಟಿಗೆ ಹಾಕಿದರೆ ಎಳೆಯದು ಬಲಿತದ್ದರ ಬೆಲೆ ಕೆಡಿಸುತ್ತದೆ. ಬೇರೆಬೇರೆ ಮಾಡಿದರೆ ಖರ್ಚು ಎರಡು ಪಟ್ಟು. ತಗ್ಗಿನ ಹೊಲವನ್ನು ನಿಲ್ಲಿಸಿ ಮಳೆ ಬಿದ್ದರೆ ಆ ನಷ್ಟ ನಿಮ್ಮ ಮಾತಿನದು.

"ಮ್ಯಾಲಿನದು ನಾಳೆ ಕೊಯ್ಯಿರಿ, ಇಬ್ಬನಿ ಆರಿದ ಮ್ಯಾಲ. ನೆರಳಾಗ ತೆಳ್ಳಗೆ ಹರವ್ರಿ, ಒಟ್ಟಬ್ಯಾಡ್ರಿ, ಕಾವು ಏರ್ತದ. ತಗ್ಗಿನದು ಒಂದು ವಾರ ಬಿಡ್ರಿ."

"ಎರಡ ಸಲ ಭಟ್ಟಿ ಹಚ್ಚಬೇಕಲ್ರಿ? ಕಟಗಿ, ಆಳು..."

"ಹಚ್ರಿ" ಅನ್ನುತ್ತೀರಿ. ಆ ಕಡೆ ಅವರು ಫೋನಿಡುವ ಮೊದಲೇ ಯಾರನ್ನೋ ಕೂಗಿ ಕುಡುಗೋಲು ಮಸೆಯಲು ಹೇಳುತ್ತಿದ್ದಾರೆ.