ಆನೆಯ ಬೂದು

ಸಕ್ರೆಬೈಲಿನ ಬಿಡಾರದ ಆನೆಯನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಲು ಹೊರಟವರಿಗೇ ಗೊತ್ತು, ಬೂದಿನಷ್ಟು ಹಟಮಾರಿ ಬಣ್ಣ ಇನ್ನೊಂದಿಲ್ಲ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಮಾವುತರು ಮೀಯಿಸುವಾಗ ಹೊಟ್ಟೆಯ ಭಾಗ ಒದ್ದೆಯಾಗಿ ಕಡುಗಪ್ಪು, ಬೆನ್ನ ಮೇಲೆ ಒಣಗಿದ ಮಣ್ಣು ತಿಳಿಬೂದು, ಕಿವಿಯಂಚಿನ ಬಣ್ಣಗೆಟ್ಟ ಚರ್ಮ ಇನ್ನೂ ತಿಳಿ. ನಡುವೆ ಲೆಕ್ಕವಿಲ್ಲದಷ್ಟು ಸುಕ್ಕು. ಅಂಥದೊಂದು ಫೋಟೋವನ್ನು ಶಿವಮೊಗ್ಗದ ಅಂಗಡಿಯೊಂದರಲ್ಲಿ ಮುದ್ರಿಸಿಕೊಂಡೆ. ಟ್ಯೂಬ್‌ಲೈಟಿನಲ್ಲಿ ಆನೆ ನೇರಳೆಹಣ್ಣಿನ ರಸ ಬಳಿದುಕೊಂಡಂತಿತ್ತು. ಬಿಸಿಲಿಗೆ ತಂದರೆ ಹಸಿರು!

ಭದ್ರಾವತಿಯಲ್ಲಿದ್ದ ನನ್ನ ಸೋದರಮಾವನಿಗೆ ಈ ಕಾಟವಿರಲಿಲ್ಲ. ರಾತ್ರಿ ಬಚ್ಚಲುಮನೆಯೇ ಅವರ ಡಾರ್ಕ್‌ರೂಮ್. ಕೆಂಪು ಬಲ್ಬು, ಹೈಪೋ ರಾಸಾಯನಿಕದ ವಾಸನೆ, ತಟ್ಟೆಯ ದ್ರಾವಣದಲ್ಲಿ ಮೆಲ್ಲಗೆ ಮೂಡುವ ಮುಖ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಊರಲ್ಲೇ ಇದ್ದರೂ ಫೋಟೋ ಕಾಗದ ಮಾತ್ರ ಊಟಿಯಿಂದ ಬರಬೇಕಿತ್ತು: ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’. ಆ ಕಾಗದದಲ್ಲಿ ಕಪ್ಪೂ ಬೂದೂ ಎರಡೂ ಬೆಳ್ಳಿಯ ಕಣಗಳದೇ. ಸಂಡೂರಿನ ಎಂ.ವೈ. ಘೋರ್ಪಡೆ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ನೋಡಿಕೊಂಡವರು, ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲೇ ಹಿಡಿದರು. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ ಪುಸ್ತಕ ಸಿಕ್ಕರೆ ನೋಡಿ.

ಮನೆಯ ಮಾಮೂಲಿ ಪ್ರಿಂಟರಿನಲ್ಲಿ ಬೂದು ಶಾಯಿಯೇ ಇರುವುದಿಲ್ಲ. ನೀಲಿ, ಕೆಂಪು, ಹಳದಿ ಬೆರೆಸಿ ಅದು ಬೂದಿನ ವೇಷ ಕಟ್ಟುತ್ತದೆ. ಬೆಳಕು ಬದಲಾದರೆ ವೇಷ ಕಳಚುತ್ತದೆ. ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಿದರೆ ತಿಳಿಭಾಗದಲ್ಲಿ ಚುಕ್ಕಿಗಳು ಎದ್ದು ಕಾಣುತ್ತವೆ. 2005ರಲ್ಲಿ ಎಪ್ಸನ್ ಕಂಪನಿ ಕಪ್ಪಿನ ಜೊತೆಗೆ ಎರಡು ಹದದ ಬೂದನ್ನೂ ಸೇರಿಸಿ ‘ಕೆ3’ ಶಾಯಿ ತಂದ ಮೇಲೆ ಈ ಗೋಳು ಬಹಳಷ್ಟು ತಗ್ಗಿತು.

ಆದ್ದರಿಂದ ಪ್ರಿಂಟರ್ ಮಾರುವವರು ‘ಆರು ಬಣ್ಣ’ ಎಂದ ಕೂಡಲೇ ತಲೆಯಾಡಿಸಬೇಡಿ, ಆರೂ ಯಾವುವು ಎಂದು ಕೇಳಿ. ಎಪ್ಸನ್ ಎಲ್8050ರ ಆರರಲ್ಲಿ ತಿಳಿನೀಲಿ, ತಿಳಿಗುಲಾಬಿ ಇವೆ, ಬೂದಿಲ್ಲ. ಎಲ್8180ರಲ್ಲಿ ಬೂದಿದೆ. ನಾನು ಕೊಂಡದ್ದು ಅದನ್ನೇ. ಜೇಬು ದೊಡ್ಡದಿದ್ದರೆ ಕ್ಯಾನನ್ ಪ್ರೊ-300. ಅದರದು ಪಿಗ್ಮೆಂಟ್ ಶಾಯಿ, ಡೈ ಶಾಯಿಗಿಂತ ಬಾಳಿಕೆ ಹೆಚ್ಚು. ಪಿಗ್ಮೆಂಟಿನ ಕಪ್ಪು ಎಂದರೆ ಕೊನೆಗೂ ಇಂಗಾಲದ ಮಸಿ. ನಮ್ಮದೇ ಜಿಲ್ಲೆಯ ಕೆಳದಿ ಮ್ಯೂಸಿಯಂನಲ್ಲಿ ತಾಳೆಗರಿಗಳಿವೆ. ಗರಿಯ ಮೇಲೆ ಕೊರೆದ ಅಕ್ಷರಕ್ಕೆ ಹಿಂದಿನವರು ತೀಡುತ್ತಿದ್ದದ್ದೂ ಮಸಿಯನ್ನೇ.

ಯಾವುದನ್ನೇ ಕೊಳ್ಳಿ, ವಾರಕ್ಕೊಂದಾದರೂ ಫೋಟೋ ಮುದ್ರಿಸಿ. ಸುಮ್ಮನೆ ಬಿಟ್ಟರೆ ಶಾಯಿ ಒಣಗಿ, ಅದನ್ನು ಚಿಮ್ಮುವ ಹೆಡ್ಡಿನ ತೂತು ಕಟ್ಟಿಕೊಳ್ಳುತ್ತದೆ. ಅದನ್ನು ತೊಳೆಯಲು ಪ್ರಿಂಟರ್ ಕುಡಿಯುವ ಶಾಯಿಯಲ್ಲಿ ಒಂದು ಆನೆಯನ್ನು ಧಾರಾಳವಾಗಿ ಮುದ್ರಿಸಬಹುದು.