ಮಾತು ನಿಂತ ಜಾಗದಲ್ಲಿ

ಜಿಲ್ಲಾ ಸುದ್ದಿ ಮಾಡುವ ನಮಗೆ ಈಗ ಬರೆಯುವುದಷ್ಟೇ ಕೆಲಸವಲ್ಲ. ಖಾನಾಪುರದ ಕಾಡೂರುಗಳಿಗೆ ಹೋಗಿ ಮೊಬೈಲ್‌ನಲ್ಲಿ ದನಿ ಹಿಡಿದು ತಂದು, ಬೆಳಗಾವಿಯ ಖೋಲಿಯಲ್ಲಿ ಕೂತು ಅದಕ್ಕೆ ಸಂಗೀತ ಕೂಡಿಸಿ ಕಳಿಸಬೇಕು. ನೀವು ಕೇಳುವುದೂ ಮೊಬೈಲ್‌ನಲ್ಲೇ. ಅದರ ಸಣ್ಣ ಸ್ಪೀಕರಿನಲ್ಲಿ ಮಾತು ಮತ್ತು ಸಂಗೀತ ಒಟ್ಟಿಗೆ ನುಗ್ಗಿದರೆ ಸೋಲುವುದು ಮಾತು.

ಇದಕ್ಕೊಂದು ಉಪಾಯ ಸೈಡ್‌ಚೈನ್ ಕಂಪ್ರೆಶನ್. ಕಂಪ್ರೆಸರ್ ಅಂದರೆ ಸದ್ದು ಒಂದು ಮಟ್ಟ ದಾಟಿದರೆ ಅದನ್ನು ಅದುಮುವ ಸಾಧನ. 4:1 ಎಂದು ಇಟ್ಟರೆ, ಮಟ್ಟದ ಮೇಲೆ 4 ಡೆಸಿಬಲ್ ಏರಿದ್ದು 1 ಡೆಸಿಬಲ್‌ನಷ್ಟೇ ಉಳಿಯುತ್ತದೆ. ಈ ಸಾಧನವನ್ನು ಸಂಗೀತದ ಮೇಲೆ ಕೂಡಿಸಿ, ಅದರ ಕಿವಿಯನ್ನು ಮಾತಿನ ಕಡೆ ತಿರುಗಿಸುವುದೇ ಸೈಡ್‌ಚೈನ್. ಮಾತು ಬಂದಾಗ ಸಂಗೀತ ತಗ್ಗುತ್ತದೆ, ನಿಂತಾಗ ಏಳುತ್ತದೆ. ರೇಡಿಯೊದಲ್ಲಿ ನಿರೂಪಕರು ಬಾಯಿ ತೆರೆದ ಕೂಡಲೇ ಹಾಡು ಇಳಿಯುತ್ತದಲ್ಲ, ಹಾಗೆ. ಡಿಜೆ ಹಾಡಿನಲ್ಲಿ ಕಿಕ್ ಡ್ರಮ್ ಬಡಿದಾಗ ಬೇಸ್ ಸರಿದು ಜಾಗ ಕೊಡುವುದೂ ಇದರಿಂದಲೇ. ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ ‘ಆಟೋ ಡಕ್’ ಎಂಬ ಆಯ್ಕೆ ಇದೇ ಕೆಲಸ ಮಾಡುತ್ತದೆ.

ಕಳೆದ ಮಳೆಗಾಲ ಭೀಮಗಡ ಕಾಡಿನೊಳಗಿನ ಊರೊಂದರ ಆಯಿ ನಮಗೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಸೊಸೆಯ ಕಥೆ ಹೇಳಿದರು. “ಹಳ್ಳ ತುಂಬಿತ್ತು ತಮ್ಮಾ. ಹೊತಗೊಂಡ ಹೊಂಟಿದ್ರು.” ಆರು ಸೆಕೆಂಡು ಸುಮ್ಮನಾದರು. ತಗಡಿನ ಮೇಲೆ ಮಳೆ ಸಪ್ಪಳ. ಆಮೇಲೆ, “ದಾರ್ಯಾಗ ಹೋದ್ಲು.”

ಕಂಪ್ಯೂಟರಿಗೆ ಆ ಆರು ಸೆಕೆಂಡು ಖಾಲಿ ಜಾಗ. ಮಾತು ನಿಂತಿತೆಂದು ಅದು ಕೊಳಲನ್ನು ಮೇಲೆತ್ತಿತು. ಸಂಗೀತ ಮರಳಿ ಏಳಲು ಹಿಡಿಯುವ ಸಮಯಕ್ಕೆ ರಿಲೀಸ್ ಎನ್ನುತ್ತಾರೆ. ಅರ್ಧ ಸೆಕೆಂಡಿದ್ದದ್ದನ್ನು ಎರಡು ಸೆಕೆಂಡಿಗೆ ಏರಿಸಿ ನೋಡಿದೆವು. ಕೊಳಲು ತಡವಾಗಿ ಎದ್ದಿತು, ಆದರೂ ಎದ್ದಿತು.

ನಮ್ಮ ಕಡೆ ಗೀಗೀ ಪದದಲ್ಲಿ ಹಾಡುವವರು ಕಥೆಯ ಮಾತು ಎತ್ತಿಕೊಂಡರೆ ದಪ್ಪು ಬಾರಿಸುವವರು ಕೈ ಸಣ್ಣ ಮಾಡುತ್ತಾರೆ. ಅಳುವ ಜಾಗ ಬಂದು ಹಾಡುವವರು ತಡೆದರೆ ಇವರೂ ತಡೆಯುತ್ತಾರೆ, ಯಾಕೆಂದರೆ ಇವರೂ ಕಥೆ ಕೇಳುತ್ತಿರುತ್ತಾರೆ. ಸಾಧನ ಕೇಳುವುದು ಸದ್ದನ್ನು ಮಾತ್ರ.

ಹಾಗಾಗಿ ಅಲ್ಲಿ ಸಂಗೀತವನ್ನು ಪೂರ್ತಿ ಕತ್ತರಿಸಿ ಮಳೆಯನ್ನಷ್ಟೇ ಬಿಟ್ಟೆವು. “ಖಾಲಿ ಅನಸ್ತದಲ್ರೀ” ಎಂದು ಸುದ್ದಿಮನೆಯಿಂದ ಫೋನ್ ಬಂತು. “ಅದು ಖಾಲಿ ಅಲ್ರೀ, ಆಯಿ ಅಲ್ಲೇ ಅದಾರ” ಅಂದೆವು. ಹಾಗೇ ಹೋಯಿತು.

ನೀವೂ ಊರ ಹಿರಿಯರ ಮಾತಿಗೆ ಸಂಗೀತ ಕೂಡಿಸುವವರಿದ್ದರೆ ಸೈಡ್‌ಚೈನ್ ಹಾಕಿರಿ, ಒಳ್ಳೆಯದು. ಆಮೇಲೆ ಒಮ್ಮೆ ಮೊಬೈಲ್ ಸ್ಪೀಕರಿನಲ್ಲೇ ಕೇಳಿ, ಅವರು ಸುಮ್ಮನಾದ ಜಾಗಗಳನ್ನು ಕೈಯಿಂದಲೇ ಸರಿಪಡಿಸಿರಿ. ಆ ಹಳ್ಳಕ್ಕೆ ಇನ್ನೂ ಸೇತುವೆ ಬಂದಿಲ್ಲ. ಆಯಿಯ ಮಾತು ಇನ್ನೂ ಬಹಳ ಮಂದಿಗೆ ಕೇಳಿಸಬೇಕಿದೆ.