ಕಲಿತದ್ದು ಮರೆತ ಮರಿ

ಅಂಗಳಕ್ಕೆ ಹೋಗಲು ಕಲಿತಿದ್ದ ನಮ್ಮ ಆರು ತಿಂಗಳ ನಾಯಿಮರಿ ಇದ್ದಕ್ಕಿದ್ದಂತೆ ನಡುಮನೆಯಲ್ಲೇ ಉಚ್ಚೆ ಹೊಯ್ಯತೊಡಗಿತು. 'ಮೂತಿ ಉಜ್ಜಿ ನಾಲ್ಕು ಬಿಡಿ' ಎಂದರು ನೆರೆಯವರು. ನಾನು ಒಪ್ಪಲಿಲ್ಲ. ಹೊಡೆದರೆ ಮರಿ ಕಲಿಯುವುದು ಒಂದೇ: ಮಂಚದಡಿ ಅಡಗಿ ಹೊಯ್ಯುವುದು.

ಮೂತ್ರದ ಸೋಂಕಿದ್ದರೂ ಹೀಗಾಗುತ್ತದೆ, ಪಶುವೈದ್ಯರಿಗೆ ತೋರಿಸಿದೆ. ಸೋಂಕಿರಲಿಲ್ಲ. ಪ್ರಾಯಕ್ಕೆ ಬರುವಾಗ ಹೀಗೆ ಹಿಂಜಾರುವುದುಂಟು ಎಂದರು. ಫಿನಾಯಿಲ್ ನಮ್ಮ ಮೂಗನ್ನು ಮೋಸಗೊಳಿಸೀತು, ನಾಯಿಯದನ್ನಲ್ಲ. ಉಳಿದ ವಾಸನೆಯೇ ಅದನ್ನು ಅಲ್ಲಿಗೆ ಕರೆಯುತ್ತದೆ. ಅದಕ್ಕೇ ಕಿಣ್ವವಿರುವ ದ್ರಾವಣದಿಂದ ನೆಲ ತೊಳೆದೆವು. ನಿದ್ದೆ, ಊಟ, ಆಟ ಮುಗಿದೊಡನೆ ಮಗಳು ಅಂಗಳಕ್ಕೆ ಒಯ್ದಳು. ಅಲ್ಲಿ ಹೊಯ್ದ ಮರುಕ್ಷಣವೇ ಬಿಸ್ಕತ್ತಿನ ಚೂರು. ಹದಿನೈದು ದಿನಗಳಲ್ಲಿ ಸರಿಹೋಯಿತು.

ಪಾಲಕರೇ, ಚೆನ್ನಾಗಿ ಓದುತ್ತಿದ್ದ ಮಗುವಿನ ಅಂಕ ಕುಸಿದಾಗಲೂ ಬೆತ್ತ ಹುಡುಕಬೇಡಿ, ಕಾರಣ ಹುಡುಕಿ.